ವಿಧಾನಸಭೆಗೆ ನಿಲ್ಲಲಿರುವ ಪಂಚಾಯ್ತಿ ಸದಸ್ಯೆಯರಿಗೆ

ಅಕ್ಕತಂಗಿಯರೆ,

ಗ್ರಾಮ ಪಂಚಾಯ್ತಿಯಲ್ಲಿ ಒಂದು ಅವಧಿಯಾದರೂ ಕುಳಿತು, ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ, ಬೀದಿದೀಪಕ್ಕೂ ಬೋರ್‌ವೆಲ್ಲಿಗೂ ಪಿಡಿಒ ಜೊತೆ ಜಗಳ ಆಡಿದವರು ನೀವು. ಈ ಪತ್ರ ನಿಮಗೆ.

2023ರಲ್ಲಿ ಸಂವಿಧಾನಕ್ಕೆ 106ನೆಯ ತಿದ್ದುಪಡಿ ಆಯಿತು. ಲೋಕಸಭೆಯಲ್ಲೂ ವಿಧಾನಸಭೆಗಳಲ್ಲೂ ಮೂರರಲ್ಲೊಂದು ಪಾಲು ಸ್ಥಾನ ಹೆಂಗಸರಿಗೆ ಸಿಗಬೇಕು ಎನ್ನುತ್ತದೆ ಅದು. ಜನಗಣತಿ ಮುಗಿದು, ಕ್ಷೇತ್ರಗಳ ಮರುವಿಂಗಡಣೆ ಆದ ಮೇಲೆ ಜಾರಿ ಎಂಬ ಷರತ್ತು ಅದರಲ್ಲೇ ಇದೆ. ಈಗಿನ 224 ಸ್ಥಾನಗಳ ಲೆಕ್ಕ ಹಿಡಿದರೆ ನಮ್ಮ ವಿಧಾನಸಭೆಯಲ್ಲಿ ಎಪ್ಪತ್ತೈದರಷ್ಟು ಹೆಂಗಸರು ಕೂರಬೇಕಾಗುತ್ತದೆ. 2023ರ ಚುನಾವಣೆಯಲ್ಲಿ ಗೆದ್ದವರು ಹತ್ತು ಜನ. ಎಪ್ಪತ್ತೈದು ಹೆಸರು ಹುಡುಕಬೇಕಾದ ದಿನ ಪಕ್ಷಗಳು ಮೊದಲು ನಾಯಕರ ಮನೆಯೊಳಗೇ ಹುಡುಕುತ್ತವೆ: ಹೆಂಡತಿ, ಸೊಸೆ, ಮಗಳು. ಅದಕ್ಕೆ ಮುಂಚೆ ನಿಮ್ಮ ಹೆಸರು ಕೇಳಿಬರಬೇಕು, ನೀವಾಗಿಯೇ ಎದ್ದು ನಿಂತು ಟಿಕೆಟ್ ಕೇಳಬೇಕು ಎಂಬುದು ನನ್ನ ಆಸೆ. ಗೆದ್ದು ಒಳಗೆ ಹೋದ ಮೇಲೆ ಏನು ಮಾಡುವುದು ಎಂಬ ಅಳುಕು ನಿಮ್ಮಲ್ಲಿ ಅನೇಕರಿಗೆ ಇದ್ದೇ ಇದೆ. ಆ ಅಳುಕಿಗಾಗಿ ಒಬ್ಬ ಶಾಸಕಿಯ ಕೆಲಸವನ್ನು ನಿಮ್ಮ ಮುಂದೆ ಇಡುತ್ತೇನೆ. ಅವರ ಹೆಸರು ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ. ಮದ್ರಾಸ್ ಶಾಸನ ಪರಿಷತ್ತಿನಲ್ಲಿ ಕುಳಿತ ಮೊದಲ ಹೆಂಗಸು.

ಮದ್ರಾಸು ನಮಗೇಕೆ ಎನ್ನಬೇಡಿ. ಆಗ ದಕ್ಷಿಣ ಕನ್ನಡವೂ ಬಳ್ಳಾರಿಯೂ ಮದ್ರಾಸ್ ಪ್ರಾಂತ್ಯದೊಳಗೇ ಇದ್ದವು. ಅಲ್ಲಿ ಆದ ಕಾನೂನು ಮಂಗಳೂರಿಗೂ ಹೊಸಪೇಟೆಗೂ ಅನ್ವಯಿಸುತ್ತಿತ್ತು. ಆ ಪರಿಷತ್ತಿಗೆ ಜನರಿಂದಲೇ ಆರಿಸಿ ಹೋಗಬೇಕು ಎಂದು 1926ರಲ್ಲಿ ಚುನಾವಣೆಗೆ ನಿಂತ ಹೆಂಗಸು ನಮ್ಮ ಮಂಗಳೂರಿನವರು, ಕಮಲಾದೇವಿ ಚಟ್ಟೋಪಾಧ್ಯಾಯ. ತೀರಾ ಕಡಿಮೆ ಮತಗಳ ಅಂತರದಲ್ಲಿ ಸೋತರು. ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ ಮಾತ್ರ ಮತ ಇದ್ದ ಕಾಲ ಅದು. ಮತ ಹಾಕಬಲ್ಲ ಹೆಂಗಸರು ಬೆರಳೆಣಿಕೆಯಷ್ಟು. ಅಂಥ ಕಡೆ ಅಷ್ಟು ಹತ್ತಿರಕ್ಕೆ ಬಂದದ್ದೇ ದೊಡ್ಡದು. ಚುನಾವಣೆಯಿಂದ ಯಾವ ಹೆಂಗಸೂ ಬರಲಿಲ್ಲವಾದ್ದರಿಂದ ಭಾರತೀಯ ಮಹಿಳಾ ಸಂಘ ಸರ್ಕಾರಕ್ಕೆ ಹೆಸರುಗಳನ್ನು ಕಳಿಸಿ, ನಾಮನಿರ್ದೇಶನ ಮಾಡಿ ಎಂದು ಒತ್ತಾಯಿಸಿತು. ಹಾಗೆ ಬಂದವರು ಮುತ್ತುಲಕ್ಷ್ಮಿ.

ಪುದುಕೋಟೆ ಸಂಸ್ಥಾನದಲ್ಲಿ 1886ರಲ್ಲಿ ಹುಟ್ಟಿದವರು. ತಂದೆ ನಾರಾಯಣಸ್ವಾಮಿ ಅಯ್ಯರ್ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದಲ್ಲಿ ಹುಟ್ಟಿದವರು. ಗಂಡುಹುಡುಗರ ಕಾಲೇಜಿಗೆ ಇವರನ್ನು ಸೇರಿಸಿಕೊಳ್ಳಲು ಅಲ್ಲಿನ ಮಹಾರಾಜರೇ ಅಪ್ಪಣೆ ಕೊಡಬೇಕಾಯಿತು. 1912ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಿಂದ ಡಾಕ್ಟರಾಗಿ ಹೊರಬಂದರು. ಮದುವೆಯಾದ ಡಾಕ್ಟರ್ ಸುಂದರ ರೆಡ್ಡಿಯವರಿಗೆ, ತನ್ನನ್ನು ಸಮಾನಳಾಗಿ ಕಾಣಬೇಕು, ತನ್ನ ಕೆಲಸಕ್ಕೆ ಅಡ್ಡ ಬರಬಾರದು ಎಂದು ಮೊದಲೇ ಹೇಳಿದ್ದರು. ಪರಿಷತ್ತಿಗೆ ಕರೆ ಬಂದಾಗ ಒಪ್ಪಲು ಹಿಂಜರಿದರು. ರೋಗಿಗಳನ್ನು ಬಿಟ್ಟು ರಾಜಕೀಯಕ್ಕೆ ಹೇಗೆ ಹೋಗುವುದು ಎಂಬ ಚಿಂತೆ ಅವರದು. ಸದನದ ಒಳಗಿನ ಅನುಭವವನ್ನು ಆಮೇಲೆ ಒಂದು ಪುಸ್ತಕವಾಗಿಯೂ ಬರೆದರು. 1930ರಲ್ಲಿ ಬಂದ ಆ ಪುಸ್ತಕ ಯಾರಾದರೂ ಕನ್ನಡಕ್ಕೆ ತಂದರೆ ನಿಮ್ಮ ಕೈಗೆ ಮೊದಲು ಕೊಡಬೇಕಾದದ್ದು.

ಸುಮಾರು 130 ಗಂಡಸರ ನಡುವೆ ಒಬ್ಬರೇ ಹೆಂಗಸು. ಹಿಂದೆ ಪಕ್ಷ ಇಲ್ಲ, ಕ್ಷೇತ್ರ ಇಲ್ಲ, ಲೆಕ್ಕಕ್ಕೆ ತಮ್ಮದೊಂದೇ ಮತ. ಆದರೂ ಸದಸ್ಯರೆಲ್ಲ ಸೇರಿ ಅವರನ್ನೇ ಉಪಾಧ್ಯಕ್ಷೆಯಾಗಿ ಅವಿರೋಧವಾಗಿ ಆರಿಸಿದರು. ಇಂಥ ಗೌರವ ಕೊಟ್ಟು ಸುಮ್ಮನಾಗಿಸುವುದು ನಿಮಗೂ ಗೊತ್ತಿರುವ ಉಪಾಯ. ಅಧ್ಯಕ್ಷೆಯ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಠರಾವು ಬರೆಯುವಾಗ ಮಾತ್ರ ಯಜಮಾನರನ್ನು ಕರೆಯುವುದನ್ನು ಎಷ್ಟು ಪಂಚಾಯ್ತಿಗಳಲ್ಲಿ ನೀವು ಕಂಡಿಲ್ಲ? ಮುತ್ತುಲಕ್ಷ್ಮಿ ಆ ಕುರ್ಚಿಯಲ್ಲಿ ಕೂತೂ ಸುಮ್ಮನಾಗಲಿಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ ವೈದ್ಯಕೀಯ ತಪಾಸಣೆ ನಡೆಯಬೇಕು, ಮಕ್ಕಳ ಆಸ್ಪತ್ರೆ ಬೇರೆಯೇ ಬೇಕು, ಬಡ ಹೆಣ್ಣುಮಕ್ಕಳಿಗೆ ಎಂಟನೆಯ ತರಗತಿಯವರೆಗೆ ಶುಲ್ಕ ಇರಬಾರದು, ಮುಸ್ಲಿಂ ಹುಡುಗಿಯರಿಗೆ ಹಾಸ್ಟೆಲ್ ಬೇಕು ಎಂದು ಒಂದರ ಹಿಂದೊಂದು ಕೇಳಿದರು. 1928ರಲ್ಲಿ ಮದುವೆಯ ವಯಸ್ಸನ್ನು ಹುಡುಗಿಗೆ 16, ಹುಡುಗನಿಗೆ 21ಕ್ಕೆ ಏರಿಸಬೇಕೆಂಬ ಠರಾವು ತಂದರು. ಮರುವರ್ಷ ದೇಶಕ್ಕೆಲ್ಲ ಬಂದ ಶಾರದಾ ಕಾಯ್ದೆ ಹುಡುಗಿಯ ವಯಸ್ಸನ್ನು 14ಕ್ಕೆ ನಿಲ್ಲಿಸಿತು. ಹದಿಮೂರಕ್ಕೆ ಬಸುರಾದ ಹುಡುಗಿಯರನ್ನು ಹೆರಿಗೆ ಕೋಣೆಯಲ್ಲಿ ಕಂಡ ಡಾಕ್ಟರಿಗೆ 14 ಸಾಲದು ಎಂಬುದು ಗೊತ್ತಿತ್ತು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ದೇವದಾಸಿ ಪದ್ಧತಿಯ ಮೇಲೆ ಅವರು ನಡೆಸಿದ ಕೆಲಸವನ್ನು. ಅದರಲ್ಲೂ ಆ ಕೆಲಸಕ್ಕೆ ಅವರು ಹಿಡಿದ ದಾರಿಯನ್ನು. ಸ್ವಲ್ಪ ತಾಳ್ಮೆಯಿಂದ ಓದಿ.

ಹೆಣ್ಣುಮಗುವನ್ನು ವೇಶ್ಯಾವೃತ್ತಿಗೆ ಮಾರುವುದು, ಕೊಳ್ಳುವುದು ಆಗಲೇ ದಂಡಸಂಹಿತೆಯ 372, 373ನೆಯ ಕಲಮುಗಳ ಪ್ರಕಾರ ಅಪರಾಧ. ಕಾನೂನು ಇತ್ತು, ಕೆಲಸ ಮಾಡುತ್ತಿರಲಿಲ್ಲ. ಗುಡಿಯಲ್ಲಿ ನಡೆದ ಶಾಸ್ತ್ರವನ್ನು ಅಪರಾಧ ಎಂದು ಕೋರ್ಟಿನಲ್ಲಿ ಸಾಬೀತು ಮಾಡುವವರು ಯಾರು? ಹೆತ್ತವರು ದೂರು ಕೊಡುವುದಿಲ್ಲ, ಪೂಜಾರಿ ಸಾಕ್ಷಿ ಹೇಳುವುದಿಲ್ಲ, ಮಗುವಿಗೆ ಮಾತು ಬರುವುದಿಲ್ಲ. 1927ರ ನವೆಂಬರಿನಲ್ಲಿ ಮುತ್ತುಲಕ್ಷ್ಮಿ ಪರಿಷತ್ತಿನಲ್ಲಿ ಠರಾವು ಮಂಡಿಸಿದರು. ಎಳೆಯ ಹುಡುಗಿಯರನ್ನು ದೇವಸ್ಥಾನಕ್ಕೆ ಬಿಡುವುದನ್ನು ನಿಲ್ಲಿಸಲು ಸರ್ಕಾರ ಕಾನೂನು ತರಬೇಕು ಎಂಬ ಆ ಠರಾವು ಅಂಗೀಕಾರವಾಯಿತು. ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿದ್ದನ್ನು ಅವರು ಉದಾಹರಣೆಯಾಗಿ ಎತ್ತಿ ತೋರಿಸಿದರು. ಪಕ್ಕದ ರಾಜರು ಮಾಡಿದ್ದನ್ನು ಬ್ರಿಟಿಷ್ ಸರ್ಕಾರ ಏಕೆ ಮಾಡಬಾರದು ಎಂಬುದು ಉತ್ತರ ಕೊಡಲಾಗದ ಪ್ರಶ್ನೆ.

ಠರಾವು ಪಾಸಾದರೆ ಏನೂ ಬದಲಾಗುವುದಿಲ್ಲ ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಅವರಿಗೂ ಅದು ತಿಳಿದಿತ್ತು. ಹಾಗಾಗಿ ಮುಂದಿನ ಹೆಜ್ಜೆಯಾಗಿ ಪದ್ಧತಿಯನ್ನೇ ನಿಷೇಧಿಸುವ ದೊಡ್ಡ ಮಸೂದೆಗೆ ಕೈ ಹಾಕಲಿಲ್ಲ. ಹಿಂದೂ ಧಾರ್ಮಿಕ ದತ್ತಿ ಕಾಯ್ದೆಗೆ ಒಂದು ಚಿಕ್ಕ ತಿದ್ದುಪಡಿ ತಂದರು. ಅದರ ಒಳಗುಟ್ಟು ಇದು. ದೇವಸ್ಥಾನದ ಸೇವೆ ಮಾಡುವ ದೇವದಾಸಿ ಕುಟುಂಬಕ್ಕೆ ಇನಾಮು ಜಮೀನು ಇರುತ್ತಿತ್ತು. ಸೇವೆ ನಡೆಯುವವರೆಗೆ ಮಾತ್ರ ಜಮೀನು. ತಾಯಿ ಮುದುಕಿಯಾದರೆ ಆ ಜಾಗಕ್ಕೆ ಇನ್ನೊಬ್ಬಳು ಬರಬೇಕು, ಇಲ್ಲದಿದ್ದರೆ ಹೊಲ ಕೈತಪ್ಪುತ್ತದೆ. ಮಗಳನ್ನು ಗುಡಿಗೆ ಬಿಡಲು ತಾಯಿಯನ್ನು ಒತ್ತುತ್ತಿದ್ದ ಕೈಗಳಲ್ಲಿ ಈ ಹೊಲವೂ ಒಂದು. 1929ರಲ್ಲಿ ಪಾಸಾದ ತಿದ್ದುಪಡಿ ಇನಾಮನ್ನು ಸೇವೆಯಿಂದ ಬಿಡಿಸಿತು. ಇನ್ನು ಮುಂದೆ ಜಮೀನು ಉಳಿಸಿಕೊಳ್ಳಲು ಮಗಳನ್ನು ಬಿಡಬೇಕಿಲ್ಲ, ಸೇವೆ ಮಾಡದೆಯೂ ಅದು ಆ ಹೆಂಗಸಿನದೇ.

ಈ ಒಂದು ಕೆಲಸಕ್ಕಾಗಿಯೇ ನಾನು ಅವರನ್ನು ದೊಡ್ಡ ಶಾಸಕಿ ಎನ್ನುವುದು. ನಿಷೇಧದ ಮಾತಿಗೆ ಸದನದಲ್ಲಿ ಚಪ್ಪಾಳೆ ಬೀಳುತ್ತದೆ, ಪತ್ರಿಕೆಯಲ್ಲಿ ಹೆಸರು ಬರುತ್ತದೆ. ದತ್ತಿ ಕಾಯ್ದೆಯ ತಿದ್ದುಪಡಿ ಎಂದರೆ ಆಕಳಿಕೆ ಬರುತ್ತದೆ. ಆದರೆ ಹೆಣ್ಣಿನ ಕಷ್ಟ ಯಾವ ಕಾಗದದಲ್ಲಿ, ಯಾವ ಕಲಮಿನಲ್ಲಿ, ಯಾರ ಖಾತೆಯಲ್ಲಿ ಅಡಗಿದೆ ಎಂದು ಹುಡುಕಿ ತೆಗೆದವರು ಅವರು. ಪಹಣಿಯಲ್ಲಿ ಹೆಂಗಸಿನ ಹೆಸರು ಇಲ್ಲದಿದ್ದರೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ, ಬೆಳೆ ಪರಿಹಾರ ಬರುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡ ನಿಮಗೆ ಇದರ ಬೆಲೆ ಗೊತ್ತು. ಅರ್ಥಶಾಸ್ತ್ರ ಓದಿದವರಿಗಿಂತ ಚೆನ್ನಾಗಿ ಗೊತ್ತು.

ಅದಾದ ಮೇಲೆ, 1930ರಲ್ಲಿ, ಗುಡಿಗೆ ಬಿಡುವುದನ್ನೇ ಅಪರಾಧವಾಗಿಸುವ ಮಸೂದೆ ತಂದರು. ಅದು ಜನಾಭಿಪ್ರಾಯಕ್ಕೆಂದು ಸುತ್ತಾಡುತ್ತಿದ್ದ ಹೊತ್ತಿಗೆ ಉಪ್ಪಿನ ಸತ್ಯಾಗ್ರಹ ಶುರುವಾಯಿತು, ಗಾಂಧೀಜಿಯ ಬಂಧನವಾಯಿತು. ಮುತ್ತುಲಕ್ಷ್ಮಿ ರಾಜೀನಾಮೆ ಕೊಟ್ಟು ಹೊರಬಂದರು. ಆ ರಾಜೀನಾಮೆಯ ಬಗ್ಗೆ ನನ್ನ ಮನಸ್ಸು ಇಂದಿಗೂ ಒಂದು ನಿಲುವಿಗೆ ಬಂದಿಲ್ಲ. ದೇಶವೇ ಎದ್ದು ನಿಂತಾಗ ಬ್ರಿಟಿಷರು ಕೊಟ್ಟ ಕುರ್ಚಿಯಲ್ಲಿ ಕೂತಿರುವುದು ಅವರಂಥ ಮಾನವಂತೆಗೆ ಸಾಧ್ಯವಿರಲಿಲ್ಲ. ಆದರೆ ಮಸೂದೆಯನ್ನು ಹೊತ್ತು ನಡೆಯುವವರು ಸದನದಲ್ಲಿ ಉಳಿಯಲಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ ಆ ಕಾನೂನು ಬರಲು 1947 ಆಗಬೇಕಾಯಿತು. ಹದಿನೇಳು ವರ್ಷ! ಬಾಂಬೆ ಪ್ರಾಂತ್ಯ ಅಷ್ಟರಲ್ಲಿ, 1934ರಲ್ಲೇ, ತನ್ನದೊಂದು ಕಾಯ್ದೆ ಮಾಡಿತು. ಬೆಳಗಾವಿ, ಧಾರವಾಡ, ವಿಜಾಪುರಗಳಿಗೆ ಅದು ಲಾಗೂ ಆಯಿತು. ಸದನದೊಳಗೆ ಒಬ್ಬರೇ ಇದ್ದರೆ ಹೀಗಾಗುತ್ತದೆ. ಅವರು ಎದ್ದು ಹೋದ ದಿನವೇ ಅವರ ಕೆಲಸವೂ ನಿಲ್ಲುತ್ತದೆ. ಹತ್ತು ಜನರಿದ್ದರೂ ಪಕ್ಷಗಳಲ್ಲಿ ಹಂಚಿಹೋದರೆ ಅದೇ ಗತಿ. ಎಪ್ಪತ್ತೈದು ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಇಲ್ಲಿ ಅವರೊಂದಿಗೆ ನನಗೊಂದು ಭಿನ್ನಾಭಿಪ್ರಾಯವಿದೆ. 1933ರಲ್ಲಿ ರಾಜಕುಮಾರಿ ಅಮೃತ್ ಕೌರ್, ಶರೀಫಾ ಹಮೀದ್ ಅಲಿ ಅವರೊಡನೆ ಮುತ್ತುಲಕ್ಷ್ಮಿ ಲಂಡನ್ನಿಗೆ ಹೋಗಿ ಬ್ರಿಟಿಷ್ ಪಾರ್ಲಿಮೆಂಟಿನ ಜಂಟಿ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಹೆಂಗಸರಿಗೆ ಪ್ರತ್ಯೇಕ ಮೀಸಲು ಬೇಡ, ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಕೊಡಿ ಎಂಬುದು ಮೂವರು ಹೊತ್ತ ಬೇಡಿಕೆ. ಹೆಂಗಸರನ್ನೂ ಧರ್ಮದ ಲೆಕ್ಕದಲ್ಲಿ ಒಡೆಯುತ್ತಾರೆ ಎಂಬ ಭಯ ಅವರಿಗಿತ್ತು, ಆ ಭಯ ಸುಳ್ಳಲ್ಲ. ಎಲ್ಲರಿಗೂ ಮತ ಸಿಕ್ಕರೆ ಹೆಂಗಸರು ತಾವಾಗಿ ಗೆದ್ದು ಬರುತ್ತಾರೆ ಎಂಬ ನಂಬಿಕೆಯೂ ಇತ್ತು. ಮತ ಸಿಕ್ಕಿತು. ಏಳು ದಶಕ ಕಳೆದವು. ಗೆದ್ದು ಬಂದವರು 224ರಲ್ಲಿ ಹತ್ತು. ಇತ್ತ ಪಂಚಾಯ್ತಿಯಲ್ಲಿ ಏನಾಯಿತು ನೋಡಿ. ಕರ್ನಾಟಕದ 1983ರ ಕಾಯ್ದೆ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತುಗಳಲ್ಲಿ ನಾಲ್ಕರಲ್ಲೊಂದು ಪಾಲು ಹೆಂಗಸರಿಗೆ ಕೊಟ್ಟಿತು, 1987ರಲ್ಲಿ ಚುನಾವಣೆ ನಡೆಯಿತು. ಅಡಿಗೆಮನೆಯಿಂದ ನೇರ ಎದ್ದು ಬಂದವರು ಏನು ಮಾಡುತ್ತಾರೆ ಎಂದು ಆಡಿಕೊಂಡವರಿಗೆ ಲೆಕ್ಕವಿಲ್ಲ. ಇವತ್ತು ಪಂಚಾಯ್ತಿಯಲ್ಲಿ ಅರ್ಧದಷ್ಟು ಸ್ಥಾನ ನಿಮ್ಮದು. ಮೀಸಲಿನಲ್ಲಿ ಬಂದವಳು ಎಂದು ಯಾರಾದರೂ ಮೂದಲಿಸಿದರೆ ತಲೆ ತಗ್ಗಿಸಬೇಡಿ. ಮೀಸಲು ಬೇಡ ಎಂದ ಮುತ್ತುಲಕ್ಷ್ಮಿಯವರೂ ಸದನಕ್ಕೆ ಬಂದದ್ದು ನಾಮನಿರ್ದೇಶನದ ಬಾಗಿಲಿಂದಲೇ. ಯಾವ ಬಾಗಿಲಿಂದ ಬಂದರು ಎಂದು ಇಂದು ಯಾರೂ ಕೇಳುವುದಿಲ್ಲ, ಏನು ಮಾಡಿದರು ಎಂಬುದಷ್ಟೇ ಉಳಿದಿದೆ.

ಇನ್ನೂ ಕಷ್ಟದ ಒಂದು ವಿಷಯವಿದೆ. ಅದನ್ನು ಮುಚ್ಚಿಟ್ಟು ಅವರನ್ನು ಹೊಗಳಿದರೆ ಈ ಪತ್ರ ಬರೆದು ಪ್ರಯೋಜನವಿಲ್ಲ.

ಮುತ್ತುಲಕ್ಷ್ಮಿಯವರನ್ನು ವಿರೋಧಿಸಿದವರಲ್ಲಿ ಸತ್ಯಮೂರ್ತಿಯವರಂಥ ಕಾಂಗ್ರೆಸ್ ನಾಯಕರಿದ್ದರು. ಪದ್ಧತಿ ಹೋದರೆ ಗುಡಿಯ ಕಲೆ ಹೋಗುತ್ತದೆ ಎಂಬ ವಾದವನ್ನು ಅವರಂಥವರು ಹೂಡಿದರು. ಹೆಣ್ಣುಮಗುವಿನ ಬಾಳನ್ನು ತೆತ್ತು ಕಲೆ ಉಳಿಸಬೇಕು ಎನ್ನುವ ಆ ವಾದಕ್ಕೆ ಹೆಚ್ಚು ಗೌರವ ಕೊಡಬೇಕಾಗಿಲ್ಲ. ಆದರೆ ವಿರೋಧಿಸಿದವರಲ್ಲಿ ದೇವದಾಸಿಯರೂ ಇದ್ದರು. ಸಂಘ ಕಟ್ಟಿಕೊಂಡು ಸರ್ಕಾರಕ್ಕೆ ಮನವಿ ಕೊಟ್ಟರು. ಅವರ ಮುಂದಾಳುಗಳಲ್ಲಿ ಒಬ್ಬರು ಬೆಂಗಳೂರು ನಾಗರತ್ನಮ್ಮ. ನಮ್ಮ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿ, ಮೈಸೂರು, ಬೆಂಗಳೂರುಗಳಲ್ಲಿ ಬೆಳೆದು, ಮದ್ರಾಸಿನಲ್ಲಿ ಹೆಸರು ಮಾಡಿದ ಗಾಯಕಿ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ದುಡ್ಡಿನಲ್ಲಿ ಗುಡಿ ಕಟ್ಟಿಸಿದವರು. ನಮ್ಮನ್ನೆಲ್ಲ ವೇಶ್ಯೆಯರೆಂದು ಒಂದೇ ಮಾತಿನಲ್ಲಿ ಕರೆಯುವುದು ಸರಿಯಲ್ಲ, ನಮಗೆ ಓದು ಕೊಡಿ, ಕಲೆಯನ್ನು ಕಸಿಯಬೇಡಿ ಎಂಬ ಧಾಟಿಯ ಮನವಿ ಅವರದು. ಅದೇ ಸಮುದಾಯದ ಮೂವಲೂರು ರಾಮಾಮೃತಮ್ಮಾಳ್ ಇದಕ್ಕೆ ತದ್ವಿರುದ್ಧವಾಗಿ ಪದ್ಧತಿ ಬೇರುಸಹಿತ ಹೋಗಬೇಕೆಂದು ಊರೂರು ತಿರುಗಿದರು. ಅಂದರೆ ಆ ಹೆಂಗಸರಲ್ಲೇ ಎರಡು ದನಿ ಇತ್ತು. ಸದನದೊಳಗೆ ಎರಡರಲ್ಲಿ ಒಂದು ದನಿಗೂ ಕುರ್ಚಿ ಇರಲಿಲ್ಲ.

ಆಮೇಲೆ ಆದದ್ದು ನಿಮಗೆ ತಿಳಿದದ್ದೇ. ಗುಡಿಯ ನಾಟ್ಯಕ್ಕೆ ಹೊಸ ವೇದಿಕೆ ಸಿಕ್ಕಿತು, ಭರತನಾಟ್ಯ ಎಂಬ ಹೆಸರಲ್ಲಿ ಮೇಲುಜಾತಿಯ ಮನೆಗಳ ಹೆಣ್ಣುಮಕ್ಕಳು ಅದನ್ನು ಕಲಿತರು, ಅದಕ್ಕೆ ಮರ್ಯಾದೆ ಬಂತು. ತಲೆಮಾರುಗಳಿಂದ ಅದನ್ನು ಕಾಲಲ್ಲಿ ಉಳಿಸಿಕೊಂಡು ಬಂದವರ ಮೊಮ್ಮಕ್ಕಳಿಗೆ ಆ ಮರ್ಯಾದೆಯಲ್ಲಿ ಪಾಲು ಸಿಗಲಿಲ್ಲ. ಇದಕ್ಕೆ ಮುತ್ತುಲಕ್ಷ್ಮಿ ಒಬ್ಬರನ್ನೇ ಹೊಣೆ ಮಾಡುವುದು ಅನ್ಯಾಯ. ಅವರು ಬರೀ ಕಾನೂನು ಬರೆದು ಕೈತೊಳೆದುಕೊಳ್ಳಲಿಲ್ಲ. ಎಲ್ಲೂ ಜಾಗ ಸಿಗದೆ ಬಂದ ದೇವದಾಸಿ ಮನೆಗಳ ಹುಡುಗಿಯರನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಓದಿಸಿದರು, ಅದೇ ಅವ್ವೈ ಹೋಂ ಆಯಿತು. ಆದರೂ ಅವರ ಮಾತಿನಲ್ಲಿ ಆ ಹೆಂಗಸರು ಮೇಲೆತ್ತಬೇಕಾದವರಾಗಿ ಕಾಣುತ್ತಾರೆಯೇ ಹೊರತು ಕೂತು ಮಾತಾಡಬೇಕಾದವರಾಗಿ ಕಾಣುವುದಿಲ್ಲ. ತಾಯಿಯ ಕಡೆಯಿಂದ ಅದೇ ಮನೆತನಕ್ಕೆ ಸೇರಿದವರಾಗಿದ್ದೂ ಹೀಗಾಯಿತು. ಅಥವಾ ಅದಕ್ಕೇ ಹೀಗಾಯಿತೋ.

ನಮ್ಮ ಬಳ್ಳಾರಿ ಕಡೆಯ ಕಥೆ ಇನ್ನೂ ಬೇರೆ. ಅಲ್ಲಿ ಬಸವಿ ಬಿಡುವ, ಮುತ್ತು ಕಟ್ಟುವ ಪದ್ಧತಿ. ಬಿಡುತ್ತಿದ್ದದ್ದು ಬಹುಪಾಲು ಮಾದಿಗರ, ಬೇಡರ, ಬಡವರ ಮನೆಯ ಹೆಣ್ಣುಮಕ್ಕಳನ್ನು. ಅವರಿಗೆ ಇನಾಮೂ ಇಲ್ಲ, ನಾಟ್ಯವೂ ಇಲ್ಲ. 1929ರ ತಿದ್ದುಪಡಿ ಬಿಡಿಸಿದ ಗಂಟು ತಂಜಾವೂರಿನ ಕಡೆಯದು, ಕೂಡ್ಲಿಗಿ ಕಡೆಯ ಬಸವಿಗೆ ಅದರಿಂದ ಹೆಚ್ಚೇನೂ ಸಿಗಲಿಲ್ಲ. ಬಳ್ಳಾರಿ ಸೀಮೆಯ ಮಾದಿಗ ಹೆಣ್ಣುಮಗಳೊಬ್ಬಳು ಆ ಪರಿಷತ್ತಿನಲ್ಲಿ ಕೂತಿದ್ದರೆ ಮಸೂದೆಯಲ್ಲಿ ಇನ್ನೊಂದು ಕಲಮು ಇರುತ್ತಿತ್ತು ಎಂದು ನಾನು ನಂಬಿದ್ದೇನೆ. ಬಹುಶಃ ಕೂಲಿಯ ಕಲಮು, ಇಲ್ಲವೇ ಮಕ್ಕಳ ಪಾಲಿನ ಕಲಮು.

ಆ ಕಲಮುಗಳ ಕೆಲಸ ಇನ್ನೂ ಬಾಕಿ ಇದೆ. ಕರ್ನಾಟಕ ತನ್ನ ದೇವದಾಸಿ ನಿಷೇಧ ಕಾಯ್ದೆಯನ್ನು 1982ರಲ್ಲಿ ಮಾಡಿತು. ಕಾಲು ಶತಮಾನ ಕಳೆದು, 2007-08ರಲ್ಲಿ ಸರ್ಕಾರ ನಡೆಸಿದ ಸಮೀಕ್ಷೆಯಲ್ಲಿ ಸಿಕ್ಕ ದೇವದಾಸಿಯರು 46 ಸಾವಿರಕ್ಕೂ ಹೆಚ್ಚು. ಆ ಪಟ್ಟಿಯಲ್ಲಿ ಹೆಸರಿಲ್ಲದವರು ಮಾಸಾಶನಕ್ಕೆ ಅಲೆಯುವುದನ್ನು, ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟ ಮಕ್ಕಳು ಮುಖ ಕೆಳಗೆ ಹಾಕುವುದನ್ನು ವಿಜಯನಗರ, ಕೊಪ್ಪಳ, ರಾಯಚೂರು, ಬೆಳಗಾವಿ ಕಡೆಯ ಸದಸ್ಯೆಯರು ದಿನಾ ನೋಡುತ್ತೀರಿ. ನಿಮ್ಮಲ್ಲಿ ಕೆಲವರು ಆ ತಾಯಂದಿರ ಮಕ್ಕಳೇ. ಪರಿಹಾರ, ಪುನರ್ವಸತಿ, ಮಕ್ಕಳ ಹಕ್ಕು ಎಲ್ಲವನ್ನೂ ಒಳಗೊಂಡ ಹೊಸ ಮಸೂದೆಯೊಂದನ್ನು ರಾಜ್ಯದ ಶಾಸನಸಭೆ 2025ರಲ್ಲಿ ಅಂಗೀಕರಿಸಿದೆ. ಒಳ್ಳೆಯ ಕೆಲಸ, ಅದಕ್ಕಾಗಿ ಹೋರಾಡಿದ ಹೆಂಗಸರಿಗೆ ನಮಸ್ಕಾರ. ಆದರೆ ಕಾನೂನು ಪಾಸಾಗುವುದಕ್ಕೂ ಅದು ತಾಲ್ಲೂಕು ಕಚೇರಿಯ ಕಿಟಕಿಗೆ ಇಳಿದು ಬರುವುದಕ್ಕೂ ನಡುವಿನ ದೂರ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಶಾಸಕಿಯಾಗಿ ಹೋದ ಮೇಲೆ ನಿಮ್ಮ ಕೈಯಲ್ಲಿ ಏನೇನಿರುತ್ತದೆ ಎಂಬುದನ್ನು ಈಗಲೇ ತಿಳಿದುಕೊಳ್ಳಿ. ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರ ಹೇಳಬೇಕು, ಆ ಉತ್ತರದ ಮೇಲೆ ನೀವು ಮರುಪ್ರಶ್ನೆ ಹಾಕಬಹುದು. ಗಮನ ಸೆಳೆಯುವ ಸೂಚನೆ ಕೊಡಬಹುದು. ಇಲಾಖೆಗಳ ಬೇಡಿಕೆ ಚರ್ಚೆಗೆ ಬಂದಾಗ ಹಣ ಎಲ್ಲಿ ಹೋಯಿತು ಎಂದು ಕೇಳಬಹುದು. ಖಾಸಗಿ ಸದಸ್ಯರ ಮಸೂದೆ ತರಬಹುದು. ಅದು ಪಾಸಾಗುವುದು ಅಪರೂಪ, ಆದರೂ ತನ್ನಿ. ಕಾಯ್ದೆಯ ನಿಯಮಗಳು ರಾಜ್ಯಪತ್ರದಲ್ಲಿ ಬಂದಾಗ ಕೂತು ಓದಿ, ಏಕೆಂದರೆ ಕಾಯ್ದೆಯಲ್ಲಿ ಕೊಟ್ಟದ್ದನ್ನು ನಿಯಮದಲ್ಲಿ ಕಿತ್ತುಕೊಳ್ಳುವುದುಂಟು. ಈ ಯಾವುದಕ್ಕೂ ಇಂಗ್ಲಿಷ್ ಬರಬೇಕಾಗಿಲ್ಲ. ನಮ್ಮ ಸದನದ ಮಾತು ಕನ್ನಡದಲ್ಲೇ ನಡೆಯುತ್ತದೆ, ಪ್ರಶ್ನೆಯನ್ನೂ ಕನ್ನಡದಲ್ಲೇ ಬರೆದು ಕೊಡಬಹುದು. ಮುತ್ತುಲಕ್ಷ್ಮಿಯವರಿಗೆ ಈ ಅನುಕೂಲ ಇರಲಿಲ್ಲ.

ಅವರು 1930ರಲ್ಲಿ ಸದನ ಬಿಟ್ಟರೂ ಕೆಲಸ ಬಿಡಲಿಲ್ಲ. 1923ರಲ್ಲಿ ತಂಗಿ ಕ್ಯಾನ್ಸರಿನಿಂದ ತೀರಿಕೊಂಡಾಗ ಮನಸ್ಸಿಗೆ ಹತ್ತಿದ ಯೋಚನೆಯನ್ನು ಮೂರು ದಶಕ ಹೊತ್ತು ತಿರುಗಿ, 1954ರಲ್ಲಿ ಅಡಯಾರಿನಲ್ಲಿ ಕ್ಯಾನ್ಸರ್ ಆಸ್ಪತ್ರೆ ತೆರೆದರು. ಕರ್ನಾಟಕದ ಎಷ್ಟೋ ಬಡರೋಗಿಗಳೂ ಅಲ್ಲಿಗೆ ಹೋಗಿದ್ದಾರೆ. 1968ರಲ್ಲಿ ತೀರಿಕೊಂಡರು.

ಚುನಾವಣೆ ಯಾವಾಗ ಬರುತ್ತದೋ ಬರಲಿ. ಅಲ್ಲಿಯವರೆಗೆ ನಿಮ್ಮ ಪಂಚಾಯ್ತಿ ವ್ಯಾಪ್ತಿಯಲ್ಲಿ ಪಟ್ಟಿಯಿಂದ ಬಿಟ್ಟುಹೋದ ದೇವದಾಸಿ ತಾಯಂದಿರ ಹೆಸರು ಬರೆದಿಡಿ. ಅವರಲ್ಲಿ ಯಾರಿಗೆ ಪಟ್ಟಾ ಇದೆ, ಯಾರಿಗೆ ಮನೆ ಇದೆ, ಯಾರ ಮಗಳು ಎಸ್ಎಸ್ಎಲ್‌ಸಿ ನಂತರ ಓದು ಬಿಟ್ಟಳು ಎಂದು ಅವರನ್ನೇ ಕೇಳಿ, ಅವರು ಹೇಳಿದಂತೆಯೇ ಬರೆಯಿರಿ. ಕಾನೂನು ಹೇಗಿರಬೇಕಿತ್ತು ಎಂದೂ ಕೇಳಿ. ಗ್ರಾಮಸಭೆ ಕರೆದು ಅದನ್ನು ನಡಾವಳಿಯಲ್ಲಿ ದಾಖಲಿಸಿ, ಒಂದು ದೃಢೀಕೃತ ನಕಲು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಬೇರೆ ಪಂಚಾಯ್ತಿಯ ಸದಸ್ಯೆಯರ ನಕಲುಗಳೊಂದಿಗೆ ಅದನ್ನು ಸೇರಿಸಿ, ಪಕ್ಷ ಯಾವುದೇ ಇರಲಿ. ವಿಧಾನಸಭೆಗೆ ಹೋದ ಮೊದಲ ಅಧಿವೇಶನದಲ್ಲಿ ನೀವು ಕೇಳುವ ಮೊದಲ ಪ್ರಶ್ನೆ ಆ ಕಾಗದಗಳಲ್ಲಿ ಇರುತ್ತದೆ.

ಇಂತಿ,
ನಿಮ್ಮ ಗೆಲುವನ್ನು ಹಾರೈಸುವ ಒಬ್ಬ ಮತದಾರ